ಬಯಲಾಟದ ಒಂದು ರಾತ್ರಿಗೆ ಎಷ್ಟು ಬೆಳಕು

ಕರ್ನಾಟಕದ ಬಯಲಾಟಗಳು ಮೂಲತಃ ರಾತ್ರಿಯ ಕಲೆಗಳು. ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನ, ಬಯಲುಸೀಮೆಯ ಮೂಡಲಪಾಯ, ಉತ್ತರ ಕರ್ನಾಟಕದ ದೊಡ್ಡಾಟ ಇವೆಲ್ಲವೂ ಕೊಯ್ಲು ಮುಗಿದ ಗದ್ದೆಯಲ್ಲೋ ದೇವಸ್ಥಾನದ ಎದುರಿನ ಬಯಲಿನಲ್ಲೋ ಕತ್ತಲಾದ ಮೇಲೆ ಆರಂಭವಾಗಿ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಿದ್ದವು. ಹೀಗಾಗಿ ಆಟ ಆಡಿಸುವ ಮನೆಯವರು ಯಾವ ಪ್ರಸಂಗ, ಎಷ್ಟು ವೀಳ್ಯ, ಎಷ್ಟು ಜನಕ್ಕೆ ಊಟ ಎಂದು ನಿಶ್ಚಯಿಸುವಾಗಲೇ, ಎಂಟು ಹತ್ತು ತಾಸುಗಳ ಕತ್ತಲೆಗೆ ಎಷ್ಟು ಬೆಳಕು ಬೇಕು, ಆ ಬೆಳಕನ್ನು ಬೆಳಗಿನವರೆಗೆ ಉಳಿಸಿಕೊಳ್ಳಲು ಏನೇನು ಒದಗಿಸಬೇಕು ಎಂಬುದನ್ನೂ ಲೆಕ್ಕ ಹಾಕಬೇಕಾಗಿತ್ತು. ವೇಷಭೂಷಣ, ತಾಳ, ಪ್ರಸಂಗ ಸಾಹಿತ್ಯಗಳಿಗೆ ವಿದ್ವಾಂಸರಿಂದ ಸಂದ ಗಮನ ಈ ಲೆಕ್ಕಕ್ಕೆ ಸಂದಿಲ್ಲ; ಆದರೆ ರಂಗಸ್ಥಳದ ಅಳತೆ, ಬಣ್ಣಗಾರಿಕೆ, ಭಾಗವತರ ಕಂಠ, ಪ್ರೇಕ್ಷಕರು ಕುಳಿತುಕೊಳ್ಳುವ ದೂರ ಇವೆಲ್ಲವೂ ಒಂದೊಂದು ಕಾಲದಲ್ಲಿ ಈ ಲೆಕ್ಕಕ್ಕೆ ತಕ್ಕಂತೆಯೇ ರೂಪುಗೊಂಡಿವೆ. ಎಣ್ಣೆಯ ಅಳತೆ, ಗ್ಯಾಸ್‌ಲೈಟುಗಳ ಸಂಖ್ಯೆ, ವ್ಯಾಟ್, ಕೊನೆಗೆ ಕೆ.ವಿ.ಎ. ಎಂದು ಲೆಕ್ಕದ ಮಾನ ಬದಲಾದ ಹಾಗೆಲ್ಲ, ಎಷ್ಟು ಬೆಳಕು ಸಾಕು ಎಂಬುದನ್ನು ಬಲ್ಲವರೂ ಬದಲಾದರು. ಬಯಲಾಟದ ಇತಿಹಾಸದಲ್ಲಿ ಈ ಬದಲಾವಣೆಗೆ ಒಂದು ಪ್ರತ್ಯೇಕ ಅಧ್ಯಾಯ ಸಲ್ಲಬೇಕು.

ಮೊದಲ ಘಟ್ಟ ದೊಂದಿಯದು. ಬಿದಿರಿನ ಅಥವಾ ಮರದ ಕೋಲಿನ ತುದಿಗೆ ಹಳೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಎಣ್ಣೆಯಲ್ಲಿ ನೆನೆಸಿ ಹೊತ್ತಿಸಿದ ಪಂಜನ್ನು ಕರಾವಳಿಯವರು ದೊಂದಿ ಎನ್ನುತ್ತಾರೆ. ಲೋಹದ ಹಿಡಿಯುಳ್ಳ ಅದರ ಇನ್ನೊಂದು ರೂಪ ದೀವಟಿಗೆ. ತೆಂಗಿನೆಣ್ಣೆ ಅಡುಗೆಗೂ ಮಾರಾಟಕ್ಕೂ ಬೇಕಾದ ಬೆಲೆಯ ವಸ್ತುವಾಗಿದ್ದುದರಿಂದ, ಹೊನ್ನೆ ಮರದ ಬೀಜದಿಂದ ಗಾಣದಲ್ಲಿ ತೆಗೆದ ಹೊನ್ನೆಣ್ಣೆ ದೀಪಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿತ್ತು. ದೊಂದಿ ಹಿಡಿದು ನಿಂತವನ ಕೆಲಸ ಬರೀ ಹಿಡಿದು ನಿಲ್ಲುವುದಲ್ಲ. ಗಾಳಿ ಬೀಸಿದ ಕಡೆಗೆ ಜ್ವಾಲೆ ವಾಲಿದಾಗ ಕೋಲನ್ನು ತಿರುಗಿಸಬೇಕು, ಸುಟ್ಟು ಕರಿಯಾದ ಬಟ್ಟೆಯ ಅಂಚನ್ನು ಕೊಡವಬೇಕು, ಜ್ವಾಲೆ ಕುಗ್ಗುವ ಮುನ್ನವೇ ಎಣ್ಣೆ ಹನಿಸಬೇಕು, ವೇಷ ಹಿಂದೆ ಸರಿದರೆ ತಾನೂ ಒಂದು ಹೆಜ್ಜೆ ಸರಿಯಬೇಕು. ಯಾವ ಪ್ರಸಂಗದಲ್ಲಿ ಎಷ್ಟು ವೇಷಗಳಿವೆ, ಯಾವ ಹೊತ್ತಿಗೆ ಬಣ್ಣದ ವೇಷ ಬರುತ್ತದೆ ಎಂಬುದು ಅವನಿಗೆ ತಿಳಿದಿರಬೇಕು, ಏಕೆಂದರೆ ಆ ಹೊತ್ತಿಗಾಗಿ ಎಣ್ಣೆಯನ್ನು ಉಳಿಸಿಕೊಳ್ಳುವುದು ಅವನ ಹೊಣೆ. ಒಟ್ಟು ಬೇಡಿಕೆ, ಅತಿ ಹೆಚ್ಚು ಬೇಡಿಕೆ ಬರುವ ಗಳಿಗೆ, ಅದಕ್ಕಾಗಿ ಕಾದಿಟ್ಟ ಮೀಸಲು ಎಂದು ಇಂದಿನ ಎಂಜಿನಿಯರರು ವಿಂಗಡಿಸುವ ಮೂರೂ ಅಂಶಗಳು ಈ ಮನುಷ್ಯನ ತಲೆಯಲ್ಲಿ ಅಕ್ಷರದ ಹಂಗಿಲ್ಲದೆ ಇದ್ದವು.

ಬಣ್ಣದ ವೇಷದ ಪ್ರವೇಶವನ್ನು ಹತ್ತಿರದಿಂದ ನೋಡಿದರೆ ಆ ಲೆಕ್ಕದ ಸೊಗಸು ತಿಳಿಯುತ್ತದೆ. ರಾಕ್ಷಸ ಪಾತ್ರಧಾರಿಯು ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು, ಕೆಂಪು ಕಪ್ಪುಗಳಲ್ಲಿ ಮುಖ ಬರೆದುಕೊಂಡು, ದೊಡ್ಡ ಕಿರೀಟ ತೊಟ್ಟು ತೆರೆಯ ಹಿಂದೆ ನಿಂತಾಗ, ಪ್ರೇಕ್ಷಕರಿಗೆ ಮೊದಲು ಕಾಣುವುದು ತೆರೆಯ ಮೇಲಂಚಿನಿಂದ ಇಣುಕುವ ಕಿರೀಟ ಮಾತ್ರ. ಚೆಂಡೆಯ ಅಬ್ಬರ ಏರಿದಂತೆ ದೊಂದಿಯ ಜ್ವಾಲೆಗೆ ಒಂದು ಹಿಡಿ ರಾಳದ ಪುಡಿಯನ್ನು ಎರಚಿದರೆ, ಮರದ ಅಂಟಿನ ಆ ಪುಡಿ ಗಾಳಿಯಲ್ಲೇ ಭಗ್ಗೆಂದು ಹೊತ್ತಿ, ಕಣ್ಣು ಕುಕ್ಕುವ ಬೆಳಕು ಒಂದೆರಡು ಕ್ಷಣ ಇಡೀ ರಂಗಸ್ಥಳವನ್ನು ತುಂಬಿ, ಮರುಕ್ಷಣ ಮೊದಲಿಗಿಂತ ದಟ್ಟವಾದ ಕತ್ತಲೆ ಕವಿಯುತ್ತದೆ. ರಾತ್ರಿಯಿಡೀ ಅಷ್ಟು ಬೆಳಕನ್ನು ಉರಿಸುವ ಸಾಮರ್ಥ್ಯ ಯಾರಿಗೂ ಇರಲಿಲ್ಲ. ಬೇಕಾದ ಗಳಿಗೆಗೆ ಬೇಕಾದಷ್ಟನ್ನು ಮಾತ್ರ ಒಮ್ಮೆಲೇ ವೆಚ್ಚಮಾಡುವ ಜಾಣ್ಮೆ ಇತ್ತು. ಹಗುರವಾದ ಮರದ ಆಭರಣಗಳಿಗೆ ಬೇಗಡೆ ಅಂಟಿಸುವ ಕ್ರಮವೂ ಇದೇ ಮಿತವ್ಯಯದ ಫಲ. ಬೇಗಡೆ ಎಂದರೆ ಹೊಳಪಿನ ತೆಳು ತಗಡು; ಅಲುಗಾಡುವ ಜ್ವಾಲೆಯ ಎದುರು ಭುಜಕೀರ್ತಿಯ ಒಂದೊಂದು ಏಣೂ ಒಂದೊಂದು ಕಿಡಿಯಾಗಿ ಮಿನುಗಿ, ಇದ್ದ ಬೆಳಕನ್ನು ಹತ್ತಾಗಿಸಿ ತೋರಿಸುತ್ತಿತ್ತು. ಸುಮಾರು ಹದಿನೈದಿಪ್ಪತ್ತು ಅಡಿಗಳ ಪುಟ್ಟ ರಂಗಸ್ಥಳ, ಅದನ್ನು ಮೂರು ಕಡೆಗಳಿಂದ ಒತ್ತಿ ಕುಳಿತ ಜನ, ಕೆಂಪು ಹಳದಿಗಳನ್ನು ಮೆರೆಸಿ ನೀಲಿಯನ್ನು ಮಂಕಾಗಿಸುವ ಜ್ವಾಲೆಯ ಬಣ್ಣ ಇವುಗಳಿಗೆ ಒಗ್ಗಿದ ವೇಷವೇ ಯಕ್ಷಗಾನದ ವೇಷ.

ಎರಡನೆಯ ಘಟ್ಟವನ್ನು ತಂದದ್ದು ಗ್ಯಾಸ್‌ಲೈಟು. ಹೆಸರು ಹಾಗಿದ್ದರೂ ಅದರಲ್ಲಿ ಉರಿಯುವುದು ಸೀಮೆಎಣ್ಣೆ. ತೊಟ್ಟಿಯೊಳಗೆ ಗಾಳಿ ಹೊಡೆದು ಒತ್ತಡ ಏರಿಸಿದಾಗ ಎಣ್ಣೆ ಬಿಸಿ ಕೊಳವೆಯಲ್ಲಿ ಆವಿಯಾಗಿ ಮೇಲೇರಿ, ರೇಷ್ಮೆಯ ಚೀಲದಂತಿರುವ ಮ್ಯಾಂಟಲ್ ಒಳಗೆ ಉರಿಯುತ್ತದೆ. ಬೆಳಕು ಕೊಡುವುದು ಜ್ವಾಲೆಗಿಂತ ಹೆಚ್ಚಾಗಿ ಆ ಮ್ಯಾಂಟಲ್. ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದು, 1891ರಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಎಂಬ ಮಿಶ್ರಣವನ್ನು ಕಂಡುಕೊಂಡ ಮೇಲೆ ಅದು ಜಗತ್ತಿನಾದ್ಯಂತ ಹಬ್ಬಿತು. ಬರ್ಲಿನ್ ನಗರದ ಏರಿಖ್ ಅಂಡ್ ಗ್ರೇಟ್ಸ್ ಕಂಪನಿಯು 1910ರ ಸುಮಾರಿಗೆ ರೂಪಿಸಿದ ಒತ್ತಡದ ದೀಪಕ್ಕೆ ಪೆಟ್ರೋಲಿಯಂ ಮತ್ತು ಮಾಲೀಕ ಮ್ಯಾಕ್ಸ್ ಗ್ರೇಟ್ಸ್ ಅವರ ಹೆಸರುಗಳನ್ನು ಜೋಡಿಸಿ ಪೆಟ್ರೋಮ್ಯಾಕ್ಸ್ ಎಂದು ಹೆಸರಿಟ್ಟಿತು. ನಮ್ಮ ಊರುಗಳಲ್ಲಿ ಯಾವ ಕಂಪನಿಯ ದೀಪವಾದರೂ ಆ ಹೆಸರಿನಿಂದಲೇ ಕರೆಯಲ್ಪಟ್ಟಿತು. ಈ ಕಥೆಗೂ ನಮ್ಮ ಪಡುವಣ ಕಡಲಿಗೂ ಒಂದು ನಂಟುಂಟು. ಮ್ಯಾಂಟಲ್‌ಗೆ ಬೇಕಾದ ಥೋರಿಯಂ ಮೋನಜೈಟ್ ಎಂಬ ಮರಳಿನಲ್ಲಿ ಸಿಗುತ್ತದೆ. ತಿರುವಾಂಕೂರಿನ ತೆಂಗಿನ ನಾರಿನೊಂದಿಗೆ ಯೂರೋಪಿಗೆ ಹೋದ ಮರಳಿನಲ್ಲಿ ಅದರ ಸುಳಿವು ಹಿಡಿದ ಜರ್ಮನ್ ರಸಾಯನಶಾಸ್ತ್ರಜ್ಞನೊಬ್ಬನು 1909ರಲ್ಲಿ ಆ ತೀರದ ನಿಕ್ಷೇಪವನ್ನು ಗುರುತಿಸಿದ ಬಳಿಕ, ಅಲ್ಲಿನ ಮರಳು ಹಡಗು ಹಡಗಾಗಿ ಹೊರನಾಡಿಗೆ ಸಾಗಿತು.

ಗ್ಯಾಸ್‌ಲೈಟಿನಿಂದ ಲೆಕ್ಕ ಬಹಳ ಸರಳವಾಯಿತು. ಎಷ್ಟು ಎಣ್ಣೆ, ಯಾವಾಗ ಎಷ್ಟು ಎಂಬ ಪ್ರಶ್ನೆಗಳ ಜಾಗದಲ್ಲಿ ಎಷ್ಟು ಲೈಟು ಎಂಬ ಒಂದೇ ಪ್ರಶ್ನೆ ಉಳಿಯಿತು. ರಂಗಸ್ಥಳದ ಮುಂದೆ ಇಷ್ಟು, ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಇಷ್ಟು, ದಾರಿಗೆ ಒಂದು ಎಂದು ಬಾಡಿಗೆಗೆ ತಂದು ತೂಗುಹಾಕಿದರೆ ಮುಗಿಯಿತು. ಆಗಾಗ ಗಾಳಿ ಹೊಡೆಯುವುದು, ಮಸಿ ಕಟ್ಟಿದಾಗ ಪಿನ್ನು ತಿರುಗಿಸುವುದು, ಉದುರಿದ ಮ್ಯಾಂಟಲ್ ಬದಲಿಸುವುದು ಇಷ್ಟೇ ರಾತ್ರಿಯ ಕೆಲಸ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಯಿಂದ ಆಡುವ ಜೋಡಾಟದಂತಹ ಸಂದರ್ಭಗಳಲ್ಲಿ ಲೈಟುಗಳ ಸಂಖ್ಯೆಯೇ ವೈಭವದ ಅಳತೆಗೋಲಾಯಿತು. ಆದರೆ ಈ ಬೆಳಕು ಸ್ಥಿರವಾದದ್ದು, ಬಿಳಿಯಾದದ್ದು. ದೊಂದಿಯವನು ವೇಷದೊಂದಿಗೆ ಹೆಜ್ಜೆ ಸರಿಸುವ ಅಗತ್ಯ ಇಲ್ಲವಾದಾಗ ಬೆಳಕಿಗೂ ಕುಣಿತಕ್ಕೂ ಇದ್ದ ಕೊಳುಕೊಡುಗೆ ಕಡಿಯಿತು. ಕಳೆದುಹೋದುದರಲ್ಲಿ ಇದೇ ದೊಡ್ಡದು ಎನ್ನಬೇಕು.

ವಿದ್ಯುತ್ತಿನ ಕಥೆ ಮೈಸೂರು ಸಂಸ್ಥಾನದಲ್ಲಿ ಬೇಗ ಆರಂಭವಾದರೂ ಬಯಲಿಗೆ ಅದು ತಲುಪಲು ಅರ್ಧ ಶತಮಾನ ಹಿಡಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಅವರ ನೇತೃತ್ವದಲ್ಲಿ ಕಟ್ಟಿದ ಶಿವನಸಮುದ್ರದ ವಿದ್ಯುದಾಗಾರವು 1902ರ ಜೂನ್‌ನಲ್ಲಿ ಕೆಲಸ ಆರಂಭಿಸಿ, 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ದೀಪಗಳು ಬಂದವು. ಹೊರಾಂಗಣದ ದೀಪಾಲಂಕಾರಕ್ಕೆ ನಮ್ಮಲ್ಲಿ ಮಾದರಿಯೆನಿಸಿದ್ದು ಮೈಸೂರು ಅರಮನೆ. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಎದ್ದು 1912ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಅಂಚು ಅಂಚಿಗೂ ಜೋಡಿಸಿದ ಬಲ್ಬುಗಳ ಸಂಖ್ಯೆ ಸುಮಾರು 97,000 ಎಂದು ಹೇಳಲಾಗುತ್ತದೆ. ಒಂದೊಂದಕ್ಕೆ 15 ವ್ಯಾಟ್ ಎಂದು ಹಿಡಿದರೂ ಒಟ್ಟು ಬೇಡಿಕೆ ಹದಿನಾಲ್ಕೂವರೆ ಲಕ್ಷ ವ್ಯಾಟ್, ಅಂದರೆ 1,455 ಕಿಲೋವ್ಯಾಟ್ ಆಗುತ್ತದೆ. ಶಿವನಸಮುದ್ರದ ಆರಂಭದ ಆರು ಯಂತ್ರಗಳು ತಲಾ 720 ಕಿಲೋವ್ಯಾಟ್ ಸಾಮರ್ಥ್ಯದವಾಗಿದ್ದುದನ್ನು ನೆನೆದರೆ, ಅಂತಹ ಎರಡು ಯಂತ್ರಗಳ ಪೂರ್ತಿ ದುಡಿಮೆ ಈ ಒಂದು ನೋಟಕ್ಕೇ ಬೇಕು. ರಜಾದಿನಗಳ ಸಂಜೆ ಒಂದು ತಾಸಿಗೂ ಕಡಿಮೆ ಹೊತ್ತು ಮಾತ್ರ ಆ ದೀಪಗಳನ್ನು ಬೆಳಗಿಸುವ ಪದ್ಧತಿಯಲ್ಲಿ, ರಾಳದ ಪುಡಿಯನ್ನು ಹಿಡಿ ಲೆಕ್ಕದಲ್ಲಿ ಎರಚುತ್ತಿದ್ದವರ ವಿವೇಕವೇ ಬೇರೊಂದು ಅಳತೆಯಲ್ಲಿ ಕಾಣಿಸುತ್ತದೆ.

ಅರಮನೆಗೆ ಗೋಡೆಯಿದೆ, ಗೋಡೆಯೊಳಗೆ ಶಾಶ್ವತವಾದ ತಂತಿಯಿದೆ. ಗದ್ದೆಯ ನಡುವೆ ಒಂದು ರಾತ್ರಿಗೆಂದು ಏಳುವ ರಂಗಸ್ಥಳಕ್ಕೆ ಅದಾವುದೂ ಇಲ್ಲ. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಗಿ ತಂತಿಗಳು ಮಲೆನಾಡಿನ ಊರುಗಳನ್ನು ತಲುಪುತ್ತಾ ಬಂದರೂ, ಆಟದ ಬಯಲಿಗೆ ವಿದ್ಯುತ್ತು ಬಂದದ್ದು ಬಹುಮಟ್ಟಿಗೆ ಜನರೇಟರ್ ಮೂಲಕ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕರಾವಳಿಯಲ್ಲಿ ಡೇರೆ ಮೇಳಗಳು ತಲೆಯೆತ್ತಿದವು. ಹರಕೆಯ ಆಟವನ್ನು ಬಯಲಿನಲ್ಲಿ ಎಲ್ಲರೂ ಪುಕ್ಕಟೆ ನೋಡಬಹುದಾದರೆ, ಡೇರೆಯೊಳಗಿನ ಆಟಕ್ಕೆ ಟಿಕೇಟು. ಟಿಕೇಟಿನ ಆಟಕ್ಕೆ ಹೆಚ್ಚು ಜನ ಬೇಕು. ಹೆಚ್ಚು ಜನ ಕುಳಿತರೆ ಹಿಂದಿನ ಸಾಲು ರಂಗಸ್ಥಳದಿಂದ ದೂರ ಬೀಳುತ್ತದೆ. ದೂರದವರಿಗೆ ಕಾಣಿಸಲು ಹೆಚ್ಚು ಬೆಳಕು, ಕೇಳಿಸಲು ಧ್ವನಿವರ್ಧಕ ಬೇಕು. ಈ ಸರಪಣಿಯ ಕೊನೆಯ ಕೊಂಡಿಯೇ ಡೇರೆಯ ಹಿಂದೆ ಗುಡುಗುವ ಡೀಸೆಲ್ ಯಂತ್ರ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಬಾಳು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಮನೆತನದ ಉದ್ಯಮಗಳು 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳನ್ನೂ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳನ್ನೂ ತಯಾರಿಸುವ ಕಂಪನಿಗಳನ್ನು ಸ್ಥಾಪಿಸಿದ ಬಳಿಕ, ಎಂಜಿನ್ನು ಮತ್ತು ಅದು ತಿರುಗಿಸುವ ಆಲ್ಟರ್ನೇಟರ್ ಎರಡೂ ದೇಶದೊಳಗೇ ಸಿಗುವಂತಾದವು.

ಇಲ್ಲಿಂದ ಲೆಕ್ಕ ಕಾಗದಕ್ಕೆ ಇಳಿಯಿತು. ಒಂದು ದೀಪ ಕ್ಷಣಕ್ಷಣಕ್ಕೂ ಎಳೆದುಕೊಳ್ಳುವ ಶಕ್ತಿಯ ಅಳತೆ ವ್ಯಾಟ್. ಬಲ್ಬಿನ ಮೇಲೆ ಬರೆದ ವ್ಯಾಟ್‌ಗಳನ್ನೆಲ್ಲ ಕೂಡಿಸಿ, ಬಂದ ಮೊತ್ತಕ್ಕಿಂತ ಸ್ವಲ್ಪ ದೊಡ್ಡ ಜನರೇಟರ್ ತರುವುದು ಲೈಟಿಂಗ್‌ನವರ ಮೊದಲ ಸೂತ್ರ. ಗಾಜಿನೊಳಗಿನ ತಂತಿ ಕಾದು ಬೆಳಗುವ ಹಳೆಯ ಬಲ್ಬುಗಳಿದ್ದಷ್ಟು ಕಾಲ ಈ ಸೂತ್ರ ಸರಿಯಾಗಿಯೇ ನಡೆಯಿತು. ಅದನ್ನು ಸುಳ್ಳಾಗಿಸಿದ್ದು ಟ್ಯೂಬ್‌ಲೈಟು. ನಾಲ್ಕು ಅಡಿಯ ಕೊಳವೆಯ ಮೇಲೆ 40 ವ್ಯಾಟ್ ಎಂದು ಬರೆದಿದ್ದರೂ, ಅದನ್ನು ಉರಿಸಲು ಬೇಕಾದ ಚೋಕ್, ಅಂದರೆ ಕಬ್ಬಿಣದ ಹಾಳೆಗಳ ಮೇಲೆ ತಾಮ್ರದ ತಂತಿ ಸುತ್ತಿದ ಸುರುಳಿ, ತಾನೇ ಹನ್ನೆರಡು ವ್ಯಾಟ್‌ನಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪರ್ಯಾಯ ವಿದ್ಯುತ್ತಿನಲ್ಲಿ ವೋಲ್ಟೇಜು ಮತ್ತು ಕರೆಂಟು ಎರಡೂ ಅಲೆಗಳಂತೆ ಏರಿ ಇಳಿಯುತ್ತವೆ. ಸುರುಳಿಯು ಕರೆಂಟಿನ ಅಲೆಯನ್ನು ವೋಲ್ಟೇಜಿಗಿಂತ ತಡವಾಗಿಸುವುದರಿಂದ, ತಂತಿಯಲ್ಲಿ ಹರಿಯುವ ಕರೆಂಟಿನ ಒಂದು ಭಾಗ ಯಾವ ಕೆಲಸವನ್ನೂ ಮಾಡದೆ ಹೋಗಿ ಬರುತ್ತಿರುತ್ತದೆ. ಕೆಲಸಕ್ಕೆ ಬಂದ ಪಾಲನ್ನು ಹೇಳುವ ಸಂಖ್ಯೆ ಪವರ್ ಫ್ಯಾಕ್ಟರ್. ಚೋಕಿನ ಟ್ಯೂಬ್‌ಲೈಟಿಗೆ ಅದು ಸುಮಾರು ಅರ್ಧ. ಜನರೇಟರಿನ ಸುರುಳಿಗಳು ಮಾತ್ರ ಕೆಲಸ ಮಾಡಿದ ಕರೆಂಟು, ಮಾಡದ ಕರೆಂಟು ಎಂಬ ಭೇದವಿಲ್ಲದೆ ಎರಡರಿಂದಲೂ ಕಾಯುತ್ತವೆ. ಆದ್ದರಿಂದಲೇ ಅದರ ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಹೇಳದೆ, ವೋಲ್ಟೇಜು ಮತ್ತು ಕರೆಂಟುಗಳ ಗುಣಲಬ್ಧವಾದ ವೋಲ್ಟ್‌ಆಂಪಿಯರ್‌ನಲ್ಲಿ, ಸಾವಿರದ ಲೆಕ್ಕದಲ್ಲಿ ಕೆ.ವಿ.ಎ. ಎಂದು ಹೇಳುತ್ತಾರೆ.

ತೇರಿನ ಬೀದಿಗೆ ನೂರು ಟ್ಯೂಬ್‌ಲೈಟು ಕಟ್ಟುವ ಒಂದು ರಾತ್ರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೊಳವೆಯ ಮೇಲಿನ ಬರಹವನ್ನು ನಂಬಿದರೆ ಬೇಡಿಕೆ 4,000 ವ್ಯಾಟ್, ಏಳೂವರೆ ಕೆ.ವಿ.ಎ. ಜನರೇಟರ್ ಧಾರಾಳವಾಗಿ ಸಾಕೆನಿಸುತ್ತದೆ. ಚೋಕಿನ ಪಾಲನ್ನು ಸೇರಿಸಿದರೆ 5,200 ವ್ಯಾಟ್. ಪವರ್ ಫ್ಯಾಕ್ಟರ್ ಅರ್ಧವೆಂದು ಅದನ್ನು ಇಮ್ಮಡಿಸಿದರೆ 10,400 ವೋಲ್ಟ್‌ಆಂಪಿಯರ್. 230 ವೋಲ್ಟಿನಲ್ಲಿ ಸುಮಾರು 45 ಆಂಪಿಯರ್ ಕರೆಂಟು. ಯಂತ್ರದ ಎಂಜಿನ್ನಿಗೆ ಭಾರವೇನೂ ಎನಿಸದಿರುವಾಗಲೇ ಆಲ್ಟರ್ನೇಟರ್ ಸುಡುವಷ್ಟು ಕಾಯುತ್ತದೆ. ಪ್ರತಿ ಚೋಕಿಗೂ ಒಂದು ಸಣ್ಣ ಕಂಡೆನ್ಸರ್ ಜೋಡಿಸಿದರೆ, ಸುರುಳಿಯ ತಡವನ್ನು ಅದು ತುಂಬಿಕೊಟ್ಟು ಪವರ್ ಫ್ಯಾಕ್ಟರ್ 0.9ರ ಸುಮಾರಿಗೆ ಏರಿ, ಬೇಡಿಕೆ ಆರು ಕೆ.ವಿ.ಎ.ಗಿಂತ ಕೆಳಗಿಳಿಯುತ್ತದೆ, ಅದೇ ಏಳೂವರೆ ಕೆ.ವಿ.ಎ. ಯಂತ್ರ ಬೆಳಗಿನವರೆಗೆ ನಿರಾಯಾಸವಾಗಿ ನಡೆಯುತ್ತದೆ. ಬೆರಳುಗಾತ್ರದ ಒಂದು ಬಿಡಿಭಾಗ ಹೀಗೆ ಯಂತ್ರವೊಂದರ ಅಳಿವು ಉಳಿವುಗಳನ್ನು ನಿರ್ಣಯಿಸುವುದನ್ನು ಕಂಡುಕೊಂಡ ಲೈಟಿಂಗ್‌ನವರಲ್ಲಿ ಹೆಚ್ಚಿನವರು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಆಲ್ಟರ್ನೇಟರಿನ ಮೈಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಾ. ಆ ಅಂಗೈಯ ಜ್ಞಾನಕ್ಕೂ ದೊಂದಿಯವನ ಕಣ್ಣಿನ ಜ್ಞಾನಕ್ಕೂ ಸಲ್ಲಬೇಕಾದ ಗೌರವ ಒಂದೇ.

ಸಾವಿರ ವ್ಯಾಟಿನ ಹ್ಯಾಲೊಜನ್ ದೀಪಗಳು ಬಂದಾಗ ಬೇರೊಂದು ಪಾಠ ಕಲಿಯಬೇಕಾಯಿತು. ಅವುಗಳಲ್ಲಿ ಪವರ್ ಫ್ಯಾಕ್ಟರಿನ ತೊಡಕಿಲ್ಲ. ಆದರೆ ತಣ್ಣಗಿರುವ ಟಂಗ್‌ಸ್ಟನ್ ತಂತಿಯ ಪ್ರತಿರೋಧ ಕಾದ ತಂತಿಯದಕ್ಕಿಂತ ಹತ್ತಾರು ಪಟ್ಟು ಕಡಿಮೆಯಿರುವುದರಿಂದ, ಸ್ವಿಚ್ಚು ಒತ್ತಿದ ಗಳಿಗೆಯಲ್ಲಿ ದೀಪವು ತನ್ನ ಸಾಮಾನ್ಯ ನಾಲ್ಕೂ ಚಿಲ್ಲರೆ ಆಂಪಿಯರ್‌ಗಳಿಗಿಂತ ಹತ್ತು ಪಟ್ಟಿಗೂ ಮಿಕ್ಕಿದ ಕರೆಂಟನ್ನು ಎಳೆಯುತ್ತದೆ. ನಾಲ್ಕು ದೀಪಗಳನ್ನು ಒಟ್ಟಿಗೆ ಹಾಕಿದರೆ ಎಂಜಿನ್ನು ಮುಗ್ಗರಿಸಿ ಧ್ವನಿವರ್ಧಕವೂ ಕ್ಷಣಕಾಲ ಮೂಕವಾಗುವುದನ್ನು ಕಂಡು, ಒಂದರ ಹಿಂದೊಂದರಂತೆ ಸ್ವಿಚ್ಚು ಹಾಕುವ ರೂಢಿ ಬೆಳೆಯಿತು.

ತಂತಿಯ ಉದ್ದದ ಲೆಕ್ಕವನ್ನು ಎಷ್ಟೋ ಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಎಂಜಿನ್ನಿನ ಸದ್ದು ಭಾಗವತರ ಹಾಡಿಗೆ ಅಡ್ಡಿಯಾಗಬಾರದೆಂದು ಜನರೇಟರನ್ನು ನೂರು ಮೀಟರ್ ಆಚೆ ಗದ್ದೆಯ ಬದುವಿನ ಮರೆಗೆ ನಿಲ್ಲಿಸುವುದು ವಾಡಿಕೆ. ಅಲ್ಲಿಂದ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿ ಎಳೆದರೆ, ಹೋಗಿ ಬರುವ ಇನ್ನೂರು ಮೀಟರಿನ ಪ್ರತಿರೋಧ ಸುಮಾರು ಒಂದೂವರೆ ಓಮ್; ಹತ್ತು ಆಂಪಿಯರ್ ಹರಿದಾಗ ಹದಿನೈದು ವೋಲ್ಟು ದಾರಿಯಲ್ಲೇ ಕರಗುತ್ತದೆ. 230ರಲ್ಲಿ ಹದಿನೈದು ಹೋದರೆ ಏನು ಮಹಾ ಎನಿಸಬಹುದು. ಆದರೆ ತಂತಿ ಕಾದು ಬೆಳಗುವ ದೀಪಗಳ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಅಷ್ಟಕ್ಕೇ ಐದರಲ್ಲೊಂದು ಪಾಲು ಬೆಳಕು ನಷ್ಟವಾಗುತ್ತದೆ. ಬೆಳಕು ಸಾಲದೆಂದು ಮತ್ತೆರಡು ದೀಪ ಹಾಕಿದರೆ ಕರೆಂಟು ಏರಿ ನಷ್ಟ ಇನ್ನೂ ಹೆಚ್ಚುತ್ತದೆ. ದಪ್ಪ ಕೇಬಲಿಗೆ ಹಣ ಹಾಕುವುದೇ ಇದಕ್ಕೆ ಮದ್ದು. ಇಬ್ಬನಿಗೆ ನೆನೆದ ಗದ್ದೆಯ ಮೇಲೆ ಬರಿಗಾಲಿನಲ್ಲಿ ಓಡಾಡುವ ನೂರಾರು ಜನರ ನಡುವೆ ಹಾದುಹೋಗುವ ತಂತಿಗೆ ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರ್ ಸೋರಿಕೆಯನ್ನೂ ಗುರುತಿಸಿ ಕಡಿಯುವ ಸುರಕ್ಷಾ ಸ್ವಿಚ್ಚು ಇವು ಈ ಲೆಕ್ಕದ ಬಿಡಲಾಗದ ಭಾಗಗಳು. ಖರ್ಚು ಉಳಿಸುವಾಗ ಇವುಗಳಿಗೇ ಮೊದಲು ಕತ್ತರಿ ಬಿದ್ದದ್ದು ನೋವಿನ ಸಂಗತಿ.

ಧ್ವನಿಯ ಕಡೆ ಬಂದರೆ ಲೆಕ್ಕದ ಸ್ವಭಾವವೇ ಬೇರೆ. 1915ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು ಸಾರ್ವಜನಿಕವಾಗಿ ತೋರಿಸಿದ ಧ್ವನಿವರ್ಧಕವು ಭಾರತದಲ್ಲಿ ಸ್ವಾತಂತ್ರ್ಯ ಚಳವಳಿಯ ದೊಡ್ಡ ಸಭೆಗಳ ಮೂಲಕ ಪರಿಚಿತವಾಗಿ, ಕಾಲಕ್ರಮದಲ್ಲಿ ಮೈಕ್‌ಸೆಟ್ ಎಂಬ ಹೆಸರಿನಿಂದ ಮದುವೆ, ಜಾತ್ರೆ, ಆಟಗಳ ಅಂಗವಾಯಿತು. ಮರದ ಕೊಂಬೆಗೆ ಕಟ್ಟಿದ ಅಲ್ಯೂಮಿನಿಯಂ ಹಾರ್ನ್ ಆ ಕಾಲದ ಗುರುತು. ಕಿವಿಗೆ ಕರ್ಕಶವಾದರೂ ಶಕ್ತಿಯ ಬಳಕೆಯಲ್ಲಿ ಹಾರ್ನ್ ಮಹಾ ಮಿತವ್ಯಯಿ. ಸದ್ದಿನ ಅಳತೆಯಾದ ಡೆಸಿಬೆಲ್‌ನ ನಿಯಮದಂತೆ, ದೂರ ಇಮ್ಮಡಿಸಿದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ 10 ಡೆಸಿಬೆಲ್ ಏರುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಎನಿಸುತ್ತದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಕೊಡುವ ಹಾರ್ನಿಗೆ 30 ವ್ಯಾಟ್ ಕೊಟ್ಟರೆ, 32 ಮೀಟರ್ ದೂರದ ಕೊನೆಯ ಸಾಲಿನಲ್ಲಿ 95 ಡೆಸಿಬೆಲ್ ಸದ್ದು ಸಿಗುತ್ತದೆ. ಇಂಪಾಗಿ ನುಡಿಯುವ ಪೆಟ್ಟಿಗೆ ಸ್ಪೀಕರು ಅದೇ ಒಂದು ವ್ಯಾಟಿಗೆ 95 ಡೆಸಿಬೆಲ್ ಮಾತ್ರ ಕೊಡುವುದಾದರೆ, ಕೊನೆಯ ಸಾಲಿಗೆ ಅಷ್ಟೇ ಸದ್ದು ತಲುಪಿಸಲು ಅದಕ್ಕೆ ಹತ್ತಿರ ಹತ್ತಿರ 1,000 ವ್ಯಾಟ್ ಬೇಕು. ಹಾರ್ನಿನಿಂದ ಪೆಟ್ಟಿಗೆಗೆ ಬಂದಾಗ ಧ್ವನಿಯ ಗುಣ ಏರಿತು, ಮದ್ದಳೆಯ ಗುಂಭ ನಾದ ಮೊದಲ ಬಾರಿಗೆ ಹಿಂದಿನ ಸಾಲಿಗೂ ಕೇಳಿಸಿತು. ಅದರ ಬೆಲೆಯಾಗಿ ಬೇಡಿಕೆ ಮೂವತ್ತು ಪಟ್ಟು ಹಿಗ್ಗಿತು.

ಆಂಪ್ಲಿಫೈಯರಿನ ಮೇಲೆ ಬರೆದ ವ್ಯಾಟ್ ಅದು ಸ್ಪೀಕರಿಗೆ ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು ಜನರೇಟರಿನಿಂದ ಸದಾ ಎಳೆಯುವ ಶಕ್ತಿಯಲ್ಲ ಎಂಬುದೂ ತಡವಾಗಿ ತಿಳಿದ ವಿಷಯ. ಮಾತಿಗೂ ಹಾಡಿಗೂ ನಡುನಡುವೆ ಬಿಡುವುಗಳಿರುವುದರಿಂದ ಸರಾಸರಿ ಶಕ್ತಿ ಗರಿಷ್ಠದ ಎಂಟರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ ಎಂದು ತಯಾರಕರು ಲೆಕ್ಕ ಹಿಡಿಯುತ್ತಾರೆ. ಆದರೆ ಚೆಂಡೆಯ ಒಂದು ಜೋರು ಹೊಡೆತಕ್ಕೆ ಗರಿಷ್ಠವೆಲ್ಲ ಒಮ್ಮೆಲೇ ಬೇಕಾದೀತು. ಆ ಕ್ಷಣಕ್ಕೆ ಜನರೇಟರಿನಲ್ಲಿ ಉಸಿರು ಉಳಿದಿರಬೇಕು. ದೀಪಗಳನ್ನು ನಿಧಾನವಾಗಿ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಡಿಮ್ಮರುಗಳು ಬಂದಾಗ, ಅವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುವ ರೀತಿಯಿಂದಾಗಿ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತು. ಮೂರು ಫೇಸ್‌ಗಳ ಜನರೇಟರಿನಲ್ಲಿ ಒಂದನ್ನು ಧ್ವನಿಗೆಂದೇ ಬೇರೆಯಿಟ್ಟು ಉಳಿದೆರಡರ ಮೇಲೆ ದೀಪಗಳನ್ನು ಹಂಚುವ ಕ್ರಮ ಹಾಗೆ ರೂಢಿಗೆ ಬಂತು.

ಮೈಕು ಬರುವ ಮುನ್ನ ಭಾಗವತರು ಏರು ಶ್ರುತಿಯಲ್ಲಿ, ತೆರೆದ ಕಂಠದಲ್ಲಿ, ಬಯಲಿನ ಅಂಚಿಗೆ ತಲುಪುವಂತೆ ಹಾಡಬೇಕಾಗಿತ್ತು. ರಾತ್ರಿಯ ಗಾಳಿ ಯಾವ ಕಡೆಗೆ ಬೀಸುತ್ತದೆ, ಯಾವ ಅಕ್ಷರ ದೂರಕ್ಕೆ ಹೋಗುತ್ತದೆ ಎಂಬುದು ಅವರ ವಿದ್ಯೆಯ ಭಾಗ. ಮೈಕು ಬಂದ ಮೇಲೆ ತಗ್ಗು ಶ್ರುತಿಯ, ರಾಗದ ನಯ ನುಣುಪುಗಳ ಹಾಡುಗಾರಿಕೆ ಸಾಧ್ಯವಾಯಿತು. ಅರ್ಥಗಾರಿಕೆಯಲ್ಲಿ ಪಿಸುಮಾತಿಗೂ ಎಡೆ ಸಿಕ್ಕಿತು. ಇದು ನಿಜವಾದ ಲಾಭ, ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಬೆಳಕಿನ ವಿಷಯದಲ್ಲಿ ಅಂತಹ ಲಾಭವನ್ನು ಎತ್ತಿ ತೋರಿಸುವುದು ಕಷ್ಟ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ರಂಗಸ್ಥಳದ ವಿಸ್ತಾರ ಸುಮಾರು 28 ಚದರ ಮೀಟರ್. ಚೆನ್ನಾಗಿ ಬೆಳಗಿದ ಕಚೇರಿಯ ಮಟ್ಟದ 300 ಲಕ್ಸ್ ಬೆಳಕನ್ನು ಅಲ್ಲಿ ಚೆಲ್ಲಲು, ಅರ್ಧ ಬೆಳಕು ಅತ್ತಿತ್ತ ಹೋಗುತ್ತದೆಂದು ಹಿಡಿದರೂ, ಏಳು ಟ್ಯೂಬ್‌ಲೈಟುಗಳು ಅಥವಾ ಒಂದೇ ಒಂದು ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ ಸಾಕು. ಎಲ್.ಇ.ಡಿ. ದೀಪಗಳಾದರೆ ಇನ್ನೂರು ವ್ಯಾಟಿನೊಳಗೆ ಮುಗಿಯುತ್ತದೆ. ಆದರೆ ಇಂದಿನ ವೇದಿಕೆಗಳಲ್ಲಿ ಹಾಕುವ ಬೆಳಕಿಗೂ ಈ ಅಂಕಿಗೂ ಸಂಬಂಧವೇ ಇಲ್ಲ. ದೀಪ ಅಗ್ಗವಾದಷ್ಟೂ ಸಂಖ್ಯೆ ಏರಿತು. ಅಂಚಿಗೆ ಬಣ್ಣದ ಪಟ್ಟಿಗಳು, ಹಿಂದೆ ಹೊಳೆಯುವ ಪರದೆ, ದಾರಿಯುದ್ದಕ್ಕೂ ಸೀರಿಯಲ್ ಸೆಟ್ಟು ಸೇರಿ ಉಳಿತಾಯವನ್ನೆಲ್ಲ ನುಂಗಿದವು. ಆರೂವರೆ ಸಾವಿರ ಕೆಲ್ವಿನ್‌ನ ತಣ್ಣನೆಯ ಬಿಳಿ ಬೆಳಕಿನಲ್ಲಿ, ಎರಡು ಸಾವಿರ ಕೆಲ್ವಿನ್‌ಗೂ ಕಡಿಮೆಯ ಜ್ವಾಲೆಗೆಂದು ಬರೆದ ಬಣ್ಣದ ಮುಖ ಕೆನ್ನೀಲಿ ಛಾಯೆ ತಾಳಿ, ಚಿಟ್ಟಿಯ ಸೂಕ್ಷ್ಮ ಗೆರೆಗಳು ಸಮತಟ್ಟಾಗುವುದನ್ನು ಮುಂದಿನ ಸಾಲಿನಲ್ಲಿ ಕುಳಿತ ಯಾರಾದರೂ ಕಾಣಬಹುದು.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಲೆಕ್ಕಕ್ಕೆ ಹೊರಗಿನಿಂದ ಒಂದು ಗೆರೆ ಎಳೆದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧ. ಹಬ್ಬ ಉತ್ಸವಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಮಾತ್ರ ಸಡಿಲಿಕೆ. ಜನರ ದಿನಚರಿ ಬದಲಾದುದರೊಂದಿಗೆ ಈ ನಿಯಮವೂ ಸೇರಿ ಕಾಲಮಿತಿಯ ಆಟಗಳು ಹೆಚ್ಚಿದವು. ಒಂಬತ್ತು ತಾಸಿನ ಆಟಕ್ಕೆ ಹತ್ತು ಕಿಲೋವ್ಯಾಟ್ ಬೇಡಿಕೆಯಿದ್ದರೆ 90 ಯೂನಿಟ್ ವಿದ್ಯುತ್ತು. ಒಂದು ಲೀಟರ್ ಡೀಸೆಲಿಗೆ ಮೂರು ಚಿಲ್ಲರೆ ಯೂನಿಟ್ ಎಂಬ ರೂಢಿಯ ಲೆಕ್ಕದಲ್ಲಿ ಇಪ್ಪತ್ತೆಂಟು ಮೂವತ್ತು ಲೀಟರ್. ಆಟ ನಾಲ್ಕು ತಾಸಿಗೆ ಇಳಿದಾಗ ಡೀಸೆಲ್ ಅರ್ಧಕ್ಕೂ ಕೆಳಗಿಳಿಯುತ್ತದೆ. ಸುತ್ತು ಹಾಕಿ ಲೆಕ್ಕ ಮತ್ತೆ ಎಣ್ಣೆಯ ಅಳತೆಗೇ ಬಂದು ನಿಂತಿದೆ. ಅಳೆದು ಸುರಿಯುವವನು ಮಾತ್ರ ಈಗ ರಂಗಸ್ಥಳಕ್ಕೆ ಬೆನ್ನು ಹಾಕಿ, ನೂರು ಮೀಟರ್ ಆಚೆ, ಪ್ರಸಂಗ ಯಾವುದೆಂದು ತಿಳಿಯದೆ ಕುಳಿತಿರುತ್ತಾನೆ.

ಈಚಿನ ವರ್ಷಗಳಲ್ಲಿ ದೊಂದಿ ಬೆಳಕಿನ ಆಟ ಎಂಬ ಹೆಸರಿನಲ್ಲಿ ಹಳೆಯ ಕ್ರಮದ ಪ್ರದರ್ಶನಗಳು ಅಲ್ಲಲ್ಲಿ ನಡೆಯುತ್ತಿವೆ. ಇವುಗಳನ್ನು ಹಳೆಯದರ ಮೋಹವೆಂದು ತಳ್ಳಿಹಾಕುವುದು ತರವಲ್ಲ, ಏಕೆಂದರೆ ಮರೆತುಹೋದ ಲೆಕ್ಕವೊಂದನ್ನು ಇವು ಮತ್ತೆ ಕೈಯಾರೆ ಮಾಡಿ ನೋಡುತ್ತಿವೆ. ಬೀದಿದೀಪವನ್ನು ಆರಿಸಬೇಕು, ಕುರ್ಚಿಗಳನ್ನು ರಂಗಸ್ಥಳದ ಅಂಚಿಗೆ ತರಬೇಕು, ಸಾವಿರ ಜನರ ಬದಲು ಇನ್ನೂರು ಜನರನ್ನು ಕೂರಿಸಬೇಕು, ಬಟ್ಟೆ ಎಷ್ಟು ಬಿಗಿಯಾಗಿ ಸುತ್ತಿದರೆ ಎಷ್ಟು ಹೊತ್ತು ಉರಿಯುತ್ತದೆಂದು ಹಿಂದಿನ ದಿನವೇ ಉರಿಸಿ ನೋಡಬೇಕು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಹಿಡಿಯುವುದರಿಂದ, ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ಕುಣಿತ ಮುಗಿಯುವ ಹೊತ್ತಿಗೆ ಸರಿಯಾಗಿ ಪ್ರೇಕ್ಷಕರಿಗೆ ರಂಗಸ್ಥಳ ನಿಚ್ಚಳವಾಗಿ ಕಾಣತೊಡಗುತ್ತದೆ. ಆಮೇಲೆ ತೆರೆ ಹಿಡಿಯುತ್ತಾರೆ, ಚೆಂಡೆ ಏರುತ್ತದೆ, ದೊಂದಿಯವನು ಒಂದು ಹೆಜ್ಜೆ ಮುಂದೆ ಬಂದು ಸೊಂಟದ ಚೀಲದಿಂದ ರಾಳದ ಪುಡಿಯನ್ನು ಹಿಡಿ ತುಂಬಿಕೊಳ್ಳುತ್ತಾನೆ.